ಗಿಟಾರಿಗೆ ಟ್ಯೂನಿಂಗ್ ಕೀ ಆರಿಸೋದು: ಮೊದ್ಲು ತಕ್ಕಡಿ, ರೇಶಿಯೋ ಆಮೇಲೆ

ಗಿಟಾರ್ ಮಾಡಿಸ್ಕೊಳ್ಳೋಕೆ ಬರೋರು ಮರದ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ, ಹಿಂದ್ಗಡೆ ಬೀಟೆನಾ ಮಹಾಗನಿನಾ, ಮೇಲೆ ಸ್ಪ್ರೂಸಾ ಸೀಡರಾ ಅಂತ, ತಂತಿ ಬಿಗಿ ಮಾಡಿ ಶ್ರುತಿ ಕೂರಿಸೋ ಕೀ ಯಾವ್ದು ಹಾಕ್ಲಿ ಅಂತ ಕೇಳಿದ್ರೆ ಮಾತ್ರ "ಯಾವ್ದಾದ್ರೂ ಒಳ್ಳೇದು ಹಾಕಿ ಸಾರ್, ಏಯ್ಟೀನ್ ಈಸ್ ಟು ಒನ್ ಇದ್ರೆ ಆಯ್ತು" ಅಂತ ಮುಗಿಸಿಬಿಡ್ತಾರೆ. ಈ ಹದಿನೆಂಟು ಅನ್ನೋದು ಎಲ್ಲರ ಬಾಯಲ್ಲೂ ಇದೆ. ನಾನು ಆಲ್ದೂರು ಹತ್ರ ಮನೆ ಹಿಂದಿನ ಶೆಡ್ಡಲ್ಲಿ ಅಕೂಸ್ಟಿಕ್ ಗಿಟಾರ್ ಮಾಡ್ತೀನಿ, ಕೀ ಸೆಟ್ ಕೈಗೆ ಬಂದ ತಕ್ಷಣ ನಾನು ಮಾಡೋ ಮೊದಲ ಕೆಲ್ಸ ಅಡುಗೆಮನೆ ಡಿಜಿಟಲ್ ತಕ್ಕಡಿ ಮೇಲೆ ಇಡೋದು, ರೇಶಿಯೋ ಎಷ್ಟು ಅಂತ ಡಬ್ಬಿ ತಿರುಗಿಸಿ ನೋಡೋದೆಲ್ಲ ಆಮೇಲೆ.

ಆದ್ರೂ ಆ ನಂಬರ್ ಏನು ಅಂತ ಹೇಳಿಬಿಡ್ತೀನಿ, ಯಾಕಂದ್ರೆ ಇಲ್ಲೇ ಜಾಸ್ತಿ ಗೊಂದಲ ಇರೋದು. ವೀಣೆ ಬಿರಡೆ ಗೊತ್ತಲ್ಲ, ಅದನ್ನ ಎಷ್ಟು ತಿರುಗಿಸ್ತೀರೋ ಅಷ್ಟೇ ತಂತಿ ಸುತ್ಕೊಳ್ಳುತ್ತೆ, ಬರೀ ಉಜ್ಜಾಟದಿಂದ ನಿಂತಿರುತ್ತೆ, ಅದಕ್ಕೇ ಈಗ ಸುಮಾರು ಜನ ವೀಣೆಗೂ ಗಿಟಾರ್ ಕೀನೇ ಕೂರಿಸ್ಕೊಳ್ತಿದ್ದಾರೆ. ಗಿಟಾರ್ ಕೀಯಲ್ಲಿ ಬೆರಳಲ್ಲಿ ತಿರುಗಿಸೋ ಗುಂಡಿ ಜೊತೆ ತಿರುಗೋ ಒಂದು ವರ್ಮ್ ಇರುತ್ತೆ, ನೋಡೋಕೆ ದಪ್ಪ ಸ್ಕ್ರೂ ಥರ, ಅದು ತಂತಿ ಸುತ್ಕೊಳ್ಳೋ ಪೋಸ್ಟಿನ ಬುಡದಲ್ಲಿರೋ ಹಲ್ಲಿನ ಚಕ್ರನ ಒಂದೊಂದೇ ಹಲ್ಲು ತಳ್ಳುತ್ತೆ. ಚಕ್ರಕ್ಕೆ 18 ಹಲ್ಲು ಇದ್ರೆ ಗುಂಡಿ 18 ಸುತ್ತು ತಿರುಗಿದ್ಮೇಲೆ ಪೋಸ್ಟ್ ಒಂದು ಸುತ್ತು, ಇಷ್ಟೇ ರೇಶಿಯೋ. ಪೋಸ್ಟ್ 6 ಮಿಲಿಮೀಟರ್ ದಪ್ಪ ಅಂತ ಇಟ್ಕೊಂಡ್ರೆ ಅದರ ಸುತ್ತಳತೆ 19 ಹತ್ರ ಬರುತ್ತೆ, ಅಲ್ಲಿಗೆ ಗುಂಡಿಯ ಒಂದು ಸುತ್ತಿಗೆ ತಂತಿ ಎಳೆಯೋದು 14ರ ಕೀಯಲ್ಲಿ 1.35 ಮಿಲಿಮೀಟರ್, 18ರಲ್ಲಿ 1.05, 21ರಲ್ಲಿ 0.9. ವ್ಯತ್ಯಾಸ ಇದೆ, ಇಲ್ಲ ಅಂತಲ್ಲ, ಶ್ರುತಿ ಹತ್ರ ಬಂದಾಗ 21ರದ್ದು ಕೈಗೆ ಹಿತವಾಗಿರುತ್ತೆ, ಆದ್ರೆ 14ರ ಕೀ ಚೆನ್ನಾಗಿ ಮಾಡಿದ್ದಾದ್ರೆ ಅದ್ರಲ್ಲೂ ಆರಾಮಾಗಿ ಶ್ರುತಿ ಕೂರುತ್ತೆ.

ಇನ್ನೊಂದು, ಜಾಸ್ತಿ ರೇಶಿಯೋ ಇದ್ರೆ ಜಾಸ್ತಿ ಗಟ್ಟಿ ಹಿಡ್ಕೊಳ್ಳುತ್ತೆ ಅಂತ ನಂಬ್ಕೊಂಡಿರೋರು ಇದಾರೆ. ವರ್ಮ್ ಚಕ್ರನ ತಿರುಗಿಸುತ್ತೆ, ಚಕ್ರ ವರ್ಮನ್ನ ತಿರುಗಿಸಲ್ಲ. ಹನ್ನೆರಡರ ಲೈಟ್ ಗೇಜ್ ತಂತಿ ಸೆಟ್ಟು, ಅಂದ್ರೆ ಅತಿ ತೆಳ್ಳಗಿನ ತಂತಿ 0.012 ಇಂಚು ದಪ್ಪ ಇರೋದು, ಎಲ್ಲಾ ಸೇರಿ 70 ಕೆಜಿ ಮೇಲೆ ಎಳೆಯುತ್ತೆ, ಒಂದೊಂದು ತಂತಿ 10ರಿಂದ 14 ಕೆಜಿ, ಅಷ್ಟು ಎಳೆದ್ರೂ 14ರ ಕೀ ಹಿಂದಕ್ಕೆ ತಿರುಗಲ್ಲ. ಸಕಲೇಶಪುರದ ಕಡೆ ಹುಡುಗ ಒಬ್ಬ ಫ್ಯಾಕ್ಟರಿ ಗಿಟಾರ್ ತಂದು "ಅಣ್ಣ, ಜಿ ತಂತಿ ನಿಲ್ತಾನೇ ಇಲ್ಲ, ಕೀ ಪೂರ್ತಿ ಚೇಂಜ್ ಮಾಡ್ಕೊಡಿ, ಇಪ್ಪತ್ತೊಂದರದ್ದು ಹಾಕಿ" ಅಂದ. ಗುಂಡಿ ತಿರುಗಿಸ್ತಿದ್ದ ಹಾಗೆ ಕುತ್ತಿಗೆ ತುದಿಯ ನಟ್ ಹತ್ರ, ಅಂದ್ರೆ ತಂತಿಗಳು ಹಾದು ಹೋಗೋ ಗೀರುಗಳಿರೋ ಚಿಕ್ಕ ಪಟ್ಟಿ ಹತ್ರ, ಟಿಣ್ ಅಂತ ಸದ್ದು ಬರ್ತಿತ್ತು, ತಂತಿ ನಟ್ಟಿನ ಗೀರಲ್ಲಿ ಸಿಕ್ಕಾಕ್ಕೊಂಡು ಆಮೇಲೆ ಒಂದೇ ಸಲ ಜಾರ್ತಿತ್ತು. ಗೀರನ್ನ ಸಣ್ಣ ಫೈಲಲ್ಲಿ ಸರಿ ಮಾಡಿ, ಪೆನ್ಸಿಲ್ ಸೀಸ ತೀಡಿ, ಪೋಸ್ಟಿಗೆ ಮೂರು ಸುತ್ತು ನೀಟಾಗಿ ಕೆಳಮುಖವಾಗಿ ಬರೋ ಹಾಗೆ ಹೊಸ ತಂತಿ ಹಾಕ್ಕೊಟ್ಟೆ. ಕೀ ಅದೇ. ಶ್ರುತಿ ನಿಲ್ಲಲ್ಲ ಅಂತ ಬರೋ ಗಿಟಾರ್‌ಗಳಲ್ಲಿ ಬಹುಪಾಲು ಹೀಗೇನೆ, ಬೈಸ್ಕೊಳ್ಳೋದು ಕೀ, ತಪ್ಪು ನಟ್ಟಿಂದು.

ಈಗ ತೂಕ. ಪೂರ್ತಿ ಮುಚ್ಚಿರೋ ಡೈಕಾಸ್ಟ್ (ಅಚ್ಚಲ್ಲಿ ಎರಕ ಹೊಯ್ದ) ಕೀ, ಅಂದ್ರೆ ಗ್ರೋವರ್ ರೋಟೋಮ್ಯಾಟಿಕ್ ಅಥವಾ ಶಾಲರ್ ಎಂ6 ಥರದ್ದು, ಒಂದೊಂದೂ 40 ಗ್ರಾಂ ಆಸುಪಾಸು ತೂಗುತ್ತೆ, ಆರೂ ಸೇರಿದ್ರೆ ಕಾಲು ಕೆಜಿ ಹತ್ರ. ಹಿಂದ್ಗಡೆ ಗೇರ್ ಕಾಣೋ ಓಪನ್ ಬ್ಯಾಕ್ ಕೀ, ವೇವರ್ಲಿ ಥರದ್ದು, ಅದಕ್ಕಿಂತ ಮೂರರಲ್ಲೊಂದು ಭಾಗದಷ್ಟು ಕಮ್ಮಿ. ಎಂಬತ್ತು ಗ್ರಾಂ ಯಾವ ಲೆಕ್ಕ ಅನ್ನಿಸ್ಬೋದು, ಆದ್ರೆ ಅದು ಕೂತಿರೋದು ಕುತ್ತಿಗೆಯ ತುತ್ತತುದಿಯಲ್ಲಿ, ಗಿಟಾರಿನ ತಲೆಯಲ್ಲಿ. ದೊಡ್ಡ ಡ್ರೆಡ್‌ನಾಟ್ ಬಾಡಿ ಆದ್ರೆ ಅದರ ಭಾರನೇ ತಡ್ಕೊಳ್ಳುತ್ತೆ, ಭಾರದ ಕೀ ಹಾಕಿದ್ರೂ ನಡೆಯುತ್ತೆ. ಸಣ್ಣ ಪಾರ್ಲರ್ ಬಾಡಿ, ತೆಳ್ಳಗೆ ಕೆತ್ತಿದ ಬ್ರೇಸು (ಬಾಡಿ ಒಳಗಿನ ಆಧಾರದ ಪಟ್ಟಿ), ಅಷ್ಟೆಲ್ಲ ಕಷ್ಟ ಪಟ್ಟು ಹಗುರ ಮಾಡಿದ ಗಿಟಾರಿಗೆ ಡೈಕಾಸ್ಟ್ ಹಾಕಿದ್ರೆ ತೊಡೆ ಮೇಲಿಟ್ಟು ಎಡಗೈ ಬಿಟ್ಟ ತಕ್ಷಣ ತಲೆ ನೆಲಕ್ಕೆ ಹೋಗುತ್ತೆ, ನುಡಿಸೋನು ಪೂರ್ತಿ ಹಾಡು ಎಡಗೈಯಲ್ಲಿ ಕುತ್ತಿಗೆ ಎತ್ತಿ ಹಿಡ್ಕೊಂಡೇ ನುಡಿಸ್ಬೇಕು.

ಹಾಗಾಗಿ ನಾನು ತೂತು ಕೊರೆಯೋಕೆ ಮುಂಚೆನೇ ಟೆಸ್ಟ್ ಮಾಡ್ತೀನಿ. ಬಾಡಿ ಮತ್ತೆ ಕುತ್ತಿಗೆ ಜೋಡಿಸಿ ಆದ್ಮೇಲೆ ಕೀ ಸೆಟ್ಟಿನಷ್ಟೇ ತೂಕದ ಬೋಲ್ಟು ವಾಷರು ಒಂದು ಸಣ್ಣ ಪ್ಲಾಸ್ಟಿಕ್ ಕವರಿಗೆ ತುಂಬಿ ತಲೆಗೆ ಟೇಪ್ ಸುತ್ತಿ ತೊಡೆ ಮೇಲಿಟ್ಟು ಕೈ ಬಿಡೋದು. ಬಿದ್ರೆ ಕವರಿಂದ ಒಂದೊಂದೇ ವಾಷರ್ ತೆಗೀತಾ ಹೋಗೋದು, ಎಲ್ಲಿ ನಿಲ್ಲುತ್ತೋ ಆ ತೂಕದೊಳಗಿನ ಕೀ ತರೋದು. ಗಿರಾಕಿ ಊರಲ್ಲೇ ಇದ್ರೆ ಅವರನ್ನೇ ಕರೆಸಿ ಅವರ ತೊಡೆ ಮೇಲಿಟ್ಟು ನೋಡ್ತೀನಿ. ಭಾರದ ಕೀ ಹಾಕಿದ್ರೆ ನಾದ ಜಾಸ್ತಿ ಹೊತ್ತು ನಿಲ್ಲುತ್ತೆ ಅಂತ ವಾದ ಮಾಡೋರು ಇದಾರೆ, ಇರ್ಬೋದು, ನನ್ನ ಕಿವಿಗಂತೂ ಅದು ಬೇರೆಯಾಗಿ ಕೇಳಿಸಿಲ್ಲ, ಬ್ಯಾಲೆನ್ಸ್ ಮಾತ್ರ ಯಾರ ಕೈಗಾದ್ರೂ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ.

ತೂಕ ಇಳಿಸೋಕೆ ಸುಲಭದ ದಾರಿ ಗುಂಡಿ. ಗೊಟೊ ಕಂಪನಿಯಂಥ ಕೀಗಳಲ್ಲಿ ಗುಂಡಿ ಸ್ಕ್ರೂ ಬಿಚ್ಚಿದ್ರೆ ಬಂದುಬಿಡುತ್ತೆ, ಲೋಹದ್ದು ತೆಗೆದು ಕರಿಮರದ್ದು ಹಾಕ್ಬೋದು. ನಾನು ಹಳೇ ಬೀಟೆ ಮಂಚದ ಕಾಲಿನ ತುಂಡಲ್ಲಿ ಮಾಡ್ಕೊಳ್ತೀನಿ, ಹೊಸ ಬೀಟೆ ಬೇಕಂದ್ರೆ ಅರಣ್ಯ ಇಲಾಖೆ ಪರ್ಮಿಷನ್ನು ಅದು ಇದು, ಅದ್ರ ತಂಟೆಗೇ ಹೋಗಲ್ಲ.

ತೂತಿನ ವಿಷ್ಯಕ್ಕೆ ಬಂದ್ರೆ ಒಂದೇ ಮಾತು, ಕೀ ಕೈಯಲ್ಲಿ ಇರದೇ ಡ್ರಿಲ್ ಮುಟ್ಬೇಡಿ. ಮೇಲಿಂದ ಥ್ರೆಡ್ ನಟ್ ಬಿಗಿಯೋ ಡೈಕಾಸ್ಟ್ ಕೀಗಳಿಗೆ ಸಾಮಾನ್ಯವಾಗಿ 10 ಮಿಲಿಮೀಟರ್ ತೂತು, ಬುಶ್ (ಪೋಸ್ಟ್ ಸುತ್ತ ಕೂರೋ ಬಳೆ) ಒತ್ತಿ ಕೂರಿಸೋ ಹಳೇ ಮಾದರಿ ಓಪನ್ ಕೀಗಳಿಗೆ 8.8 ಹತ್ರ. ಒಂದ್ಸಲ 10 ಕೊರೆದ್ಮೇಲೆ 8.8ರ ಬುಶ್ ಅಲ್ಲಿ ಲೊಡಲೊಡ ಅನ್ನುತ್ತೆ, ಕನ್ವರ್ಷನ್ ಬುಶ್ ಸಿಗುತ್ತೆ, ಆದ್ರೆ ಹೊಸ ಗಿಟಾರಿಗೆ ಅದು ಯಾಕೆ. ವರ್ನಿಯರ್ ಇಟ್ಟು ಬುಶ್ ಅಳೆದು, ಅದೇ ಜಾತಿ ಮರದ ವೇಸ್ಟ್ ತುಂಡಲ್ಲಿ ಒಂದು ತೂತು ಹಾಕಿ ಕೂರಿಸಿ ನೋಡಿ. ತಲೆಯ ದಪ್ಪ, ಮೇಲೆ ಅಂಟಿಸಿದ ತೆಳು ಮರದ ವೆನೀರ್ ಸೇರಿ, ನಾನು 14-15 ಮಿಲಿಮೀಟರಲ್ಲಿ ನಿಲ್ಲಿಸ್ತೀನಿ, ದಪ್ಪ ಜಾಸ್ತಿ ಆದ್ರೆ ಕೀ ಬಿಗಿಯೋ ನಟ್ಟಿಗೆ ಹಿಡಿಯೋಕೆ ಥ್ರೆಡ್ ಸಿಗಲ್ಲ, ತೆಳ್ಳಗಾದ್ರೆ ಪೋಸ್ಟ್ ಮೇಲೆ ಎದ್ದು ನಿಂತು ತಂತಿ ಕುತ್ತಿಗೆಯ ನಟ್ ಮೇಲೆ ಸರಿಯಾಗಿ ಒತ್ತಲ್ಲ.

ಓಪನ್ ಕೀ ಹಾಕೋವಾಗ ದಿಕ್ಕು ನೋಡ್ಕೊಳ್ಳಿ, ತಲೆಕೆಳಗಾಗಿ ಹಾಕಿರೋದು ರಿಪೇರಿಗೆ ಬರುತ್ತೆ. ತಂತಿ ಪೋಸ್ಟಿನ ಮೇಲ್ತುದಿನ ಕುತ್ತಿಗೆಯ ನಟ್ ಕಡೆ ಎಳೆಯುತ್ತೆ, ಮಧ್ಯದಲ್ಲಿ ಬುಶ್ ಹಿಡ್ಕೊಂಡಿರುತ್ತೆ, ಹಾಗಾಗಿ ಕೆಳಗಿರೋ ಚಕ್ರ ತಲೆಯ ತುದಿ ಕಡೆ ತಳ್ಳಿಸ್ಕೊಳ್ಳುತ್ತೆ. ವರ್ಮ್ ಆ ತುದಿ ಕಡೆ ಇದ್ರೆ ಎರಡೂ ಒತ್ತಿ ಕೂರುತ್ತೆ, ನಟ್ ಕಡೆ ಇದ್ರೆ ಚಕ್ರ ವರ್ಮಿಂದ ದೂರ ಸರಿಯುತ್ತೆ, ಅಲ್ಲಾಟ ಬರುತ್ತೆ, ಹಲ್ಲು ಸವೆಯುತ್ತೆ. ಪ್ಲೇಟಿನ ಚಿಕ್ಕ ಸ್ಕ್ರೂಗೆ ಮೊದ್ಲೇ ಸಣ್ಣ ತೂತು ಹಾಕಿ, ಅದೇ ಸೈಜಿನ ಸ್ಟೀಲ್ ಸ್ಕ್ರೂ ಒಂದ್ಸಲ ಓಡಿಸಿ, ಆಮೇಲೆ ಒರಿಜಿನಲ್ಲಿಗೆ ಮೇಣದಬತ್ತಿ ಉಜ್ಜಿ ಹಾಕಿ, ಇಲ್ಲಾಂದ್ರೆ ಸ್ಕ್ರೂ ತಲೆ ಮುರಿದು ಅರ್ಧ ಒಳಗೇ ಉಳಿಯುತ್ತೆ.

ಇನ್ನು ನಮ್ಮ ಮಲೆನಾಡು. ಜೂನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ ಕಡೆ ಎಸ್ಟೇಟ್ ಮನೆಗಳಲ್ಲಿ ಬೆಲ್ಟಿಗೇ ಬೂಷ್ಟು ಹಿಡಿಯುತ್ತೆ, ಓಪನ್ ಗೇರಿನ ನಿಕಲ್ ಏನು ತಾನೇ ಮಾಡೀತು, ಮಂಕಾಗಿ ಚುಕ್ಕೆ ಚುಕ್ಕೆ ಬರುತ್ತೆ. ನೋಟಕ್ಕೆ ಅಷ್ಟೇ, ಗೇರಿಗೆ ತೊಂದ್ರೆ ಇಲ್ಲ, ಹಲ್ಲಿನ ಮೇಲೆ ಗ್ರೀಸ್ ಇದ್ರೆ ಸಾಕು. ಆದ್ರೆ ಒರೆಸಿ ಇಡೋ ಅಭ್ಯಾಸ ಇಲ್ದಿರೋರಿಗೆ ನಾನು ಓಪನ್ ಕೊಡಲ್ಲ, ಗೊಟೊ 510ರ ಮಿನಿ ಥರ ಮುಚ್ಚಿರೋದು, ಆದ್ರೂ ಸಣ್ಣದು, ಕ್ರೋಮ್ ಫಿನಿಶ್, ಅದನ್ನ ಹಾಕ್ತೀನಿ. ಚಿನ್ನದ ಬಣ್ಣದ್ದು ಕೇಳ್ಬೇಡಿ, ಬೆರಳಿನ ಬೆವರಿಗೆ ಗುಂಡಿ ಬೇಗ ಬೋಳಾಗುತ್ತೆ.

ಮಳೆಗಾಲದಲ್ಲಿ ಉಬ್ಬಿದ ಮರ ಫೆಬ್ರವರಿ ಮಾರ್ಚಲ್ಲಿ ಒಣಗಿ ಕುಗ್ಗುತ್ತೆ, ಆಗ ಪೋಸ್ಟ್ ಸುತ್ತ ಇರೋ ನಟ್ ಸಡಿಲ ಆಗಿ ಯಾವ್ದೋ ಒಂದು ಸ್ವರಕ್ಕೆ ಮಾತ್ರ ಜಿರ್ ಅಂತ ಸದ್ದು ಬರುತ್ತೆ, ಜನ ಬ್ರೇಸ್ ಬಿಟ್ಟೋಯ್ತು ಅಂತ ಗಾಬರಿಯಾಗಿ ಫೋನ್ ಮಾಡ್ತಾರೆ. ಹತ್ತರ ಸ್ಪ್ಯಾನರ್ ತಗೊಂಡು ಬೆರಳಲ್ಲಿ ಹಿಡ್ಕೊಂಡಷ್ಟೇ ಬಲದಲ್ಲಿ ಬಿಗಿ ಮಾಡಿ ಅಂತೀನಿ, ಮುಷ್ಟಿ ಕಟ್ಟಿ ತಿರುಗಿಸಿದ್ರೆ ವೆನೀರ್ ಒಳಕ್ಕೆ ಹೋಗುತ್ತೆ. ಗುಂಡಿಯ ತುದೀಲಿರೋ ಚಿಕ್ಕ ಸ್ಕ್ರೂನ ಶ್ರುತಿ ನಿಲ್ಲಲ್ಲ ಅಂತ ಬಿಗಿ ಮಾಡೋರೂ ಇದಾರೆ, ಬಹಳಷ್ಟು ಕೀಗಳಲ್ಲಿ ಅದು ಗುಂಡಿ ಎಷ್ಟು ಬಿಗಿಯಾಗಿ ತಿರುಗ್ಬೇಕು ಅನ್ನೋದಕ್ಕೆ ಇರೋದು, ತಂತಿ ಹಿಡಿಯೋದಕ್ಕಲ್ಲ, ಗುಂಡಿ ಅಲ್ಲಾಡದಷ್ಟು ಬಿಗಿ ಇದ್ರೆ ಸಾಕು.