ತೊಗಲುಗೊಂಬೆಯ ಪರದೆಯ ಮೇಲೆ ಬಾಲಿ ದ್ವೀಪ: ನಾಲ್ಕು, ಐದನೇ ತರಗತಿಯ ಶಿಕ್ಷಕರಿಗೆ

ಪ್ರಾಥಮಿಕ ಶಾಲೆಗಳಲ್ಲಿ ಜಗತ್ತಿನ ಪರಿಚಯವೆನ್ನುವುದು ಬಹುಮಟ್ಟಿಗೆ ಒಂದು ದಿನದ ವೇಷಭೂಷಣ, ಬಾವುಟಗಳ ಸಾಲು ಮತ್ತು ರಾಜಧಾನಿಗಳ ಬಾಯಿಪಾಠದಲ್ಲಿ ಮುಗಿದುಹೋಗುತ್ತದೆ. ಅದರ ಬದಲು ಒಂದೇ ಕಲೆಯನ್ನೂ ಒಂದೇ ಪರನಾಡನ್ನೂ ಆರಿಸಿಕೊಂಡು ಕೆಲವು ವಾರ ಅದರಲ್ಲೇ ತೊಡಗುವುದು ಮೇಲು. ನಮ್ಮ ತೊಗಲುಗೊಂಬೆಯಾಟಕ್ಕೆ ಇಂಡೊನೇಷ್ಯದ ಬಾಲಿ ದ್ವೀಪದ ವಯಾಂಗ್ ನೆರಳಾಟ ಒಳ್ಳೆಯ ಜೋಡಿ. ಎರಡರಲ್ಲೂ ರಾಮಾಯಣ, ಮಹಾಭಾರತದ ಪ್ರಸಂಗಗಳಿವೆ. ಎರಡರಲ್ಲೂ ಮೂಲಕಥೆಯಲ್ಲಿಲ್ಲದ ಹಾಸ್ಯಗಾರರಿದ್ದಾರೆ.

ಮೊದಲು ನಮ್ಮ ಆಟವನ್ನೇ ತೋರಿಸಬೇಕು. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದುದನ್ನು ಹೇಳಿ ಮಾತು ತೆಗೆಯಬಹುದು. ಹತ್ತಿರದಲ್ಲಿ ಗೊಂಬೆಯಾಟದ ಮೇಳವಿದ್ದರೆ ಸಂಭಾವನೆ ಗೊತ್ತುಮಾಡಿಯೇ ಕರೆಸಿ; ಮಕ್ಕಳಿಗಾಗಿ ಎಂದು ಪುಕ್ಕಟೆ ಆಡಿಸುವುದು ಸಲ್ಲದು. ಆಮೇಲೆ ಬಾಲಿಯ ಆಟದ ತುಣುಕೊಂದನ್ನು ವಿವರಣೆಯಿಲ್ಲದೆ ತೋರಿಸಿ, ಏನು ಬೇರೆ ಕಂಡಿತೆಂದು ಕೇಳಬೇಕು. ನಮ್ಮ ಗೊಂಬೆಯ ನೆರಳಿಗೆ ಬಣ್ಣವಿದೆ, ಅವರದು ಹೆಚ್ಚುಕಡಿಮೆ ಕಪ್ಪು ಎಂಬುದನ್ನು ಯಾರಾದರೂ ಗುರುತಿಸಿಯೇ ಗುರುತಿಸುತ್ತಾರೆ.

ಕಾರಣವನ್ನು ಬಾಯಲ್ಲಿ ಹೇಳಬಾರದು, ಕೈಯಿಂದ ಮಾಡಿಸಬೇಕು. ಡ್ರಾಯಿಂಗ್ ಹಾಳೆಯಲ್ಲಿ ಬರೆದ ಗೊಂಬೆಗೆ ಸ್ಕೆಚ್ ಪೆನ್ನಿನ ಬಣ್ಣ ತುಂಬಿ, ಕತ್ತರಿಸಿ, ಎರಡೂ ಬದಿಗೆ ಹತ್ತಿಯಿಂದ ಕೊಬ್ಬರಿ ಎಣ್ಣೆ ಸವರಿ, ಹಳೆಯ ಪತ್ರಿಕೆಯ ನಡುವೆ ಒಂದು ರಾತ್ರಿ ಇಟ್ಟರೆ ಹೆಚ್ಚಿನ ಎಣ್ಣೆ ಇಳಿದು ಹಾಳೆಯಲ್ಲಿ ಬೆಳಕು ಹಾಯುತ್ತದೆ. ಬಣ್ಣವೂ ಪರದೆಗೆ ಬರುತ್ತದೆ. ತೆಳ್ಳಗೆ ಹದಮಾಡಿ ಬಣ್ಣ ಹಚ್ಚಿದ ನಮ್ಮ ತೊಗಲಿನ ಗುಣ ಇದೇ. ಎರಡನೆಯ ಗೊಂಬೆಯನ್ನು ದಪ್ಪ ರಟ್ಟಿನಲ್ಲಿ ಮಾಡಿ, ಆಭರಣ, ಬಟ್ಟೆಯ ಅಂಚುಗಳನ್ನು ತೂತುಗಳಲ್ಲೇ ಮೂಡಿಸಬೇಕು. ಬಾಲಿಯವರ ಕುಸುರಿಯೆಲ್ಲ ಆ ತೂತುಗಳಲ್ಲಿದೆ. ತೂತು ಕೊರೆಯುವ ಕೆಲಸ ಶಿಕ್ಷಕರದು. ಭುಜ, ಮೊಣಕೈಗಳನ್ನು ದಾರದ ಗಂಟಿನಿಂದ ಜೋಡಿಸಿ, ಬಿದಿರುಕಡ್ಡಿ ಕಟ್ಟಿದರೆ ಸಾಕು. ಪರದೆಗೆ ಬಿಳಿ ಪಂಚೆ, ಬೆಳಕಿಗೆ ಮೊಬೈಲಿನ ಟಾರ್ಚ್. ಬಾಲಿಯಲ್ಲಿ ಎಣ್ಣೆದೀಪವಿರುತ್ತದೆ, ಆದರೆ ತರಗತಿಯಲ್ಲಿ ಬೆಂಕಿ ಬೇಡ. ಟ್ಯೂಬ್‌ಲೈಟಂತೂ ನೆರಳನ್ನು ಮಸುಕಾಗಿಸುತ್ತದೆ.

ಇನ್ನು ಕಥೆ. ಪುರಾಣಪ್ರಸಂಗಕ್ಕಿಂತ ನೀರಿನ ಹಂಚಿಕೆಯ ಕಥೆ ನನಗೆ ಹೆಚ್ಚು ಫಲಕಾರಿ ಎನಿಸುತ್ತದೆ. ಬಾಲಿಯಲ್ಲಿ ಒಂದೇ ನೀರಿನ ಮೂಲವನ್ನು ನೆಚ್ಚಿದ ಭತ್ತದ ರೈತರು ‘ಸುಬಾಕ್’ ಎಂಬ ಕೂಟದಲ್ಲಿ ಸೇರಿ, ಯಾರ ಗದ್ದೆಗೆ ಯಾವಾಗ ನೀರು, ನಾಟಿ ಯಾವಾಗ ಎಂದು ತೀರ್ಮಾನಿಸುತ್ತಾರೆ. ಈ ವ್ಯವಸ್ಥೆ ರೂಪಿಸಿದ ಭೂದೃಶ್ಯವನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ತುಂಗಭದ್ರಾ ಕಾಲುವೆಯ ಕೊನೆಭಾಗದ ಊರುಗಳ ಮಕ್ಕಳಿಗೆ ನೀರು ತಲುಪದ ಕಷ್ಟ ಮನೆಮಾತು. ಕೋಲಾರದ ಕಡೆಯ ಮಕ್ಕಳು ಕೆರೆಯ ತೂಬು ಎತ್ತುತ್ತಿದ್ದ ನೀರುಗಂಟಿಯ ಬಗ್ಗೆ ಅಜ್ಜನನ್ನು ಕೇಳಿ ಬರಬಹುದು. ನಮ್ಮ ಗೊಂಬೆಯಾಟದ ಹಾಸ್ಯಜೋಡಿ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಬಾಲಿಗೆ ಹೋಗಿ ಅಲ್ಲಿನ ಹಾಸ್ಯಗಾರ ತ್ವಾಲೆನ್‌ನನ್ನು ಕಂಡು, ಮೇಲಿನ ಗದ್ದೆಯವನು ಕೆಳಗಿನವನಿಗೆ ನೀರು ಬಿಡುವುದು ಏಕೆ ಎಂದು ವಿಚಾರಿಸಲಿ. ಎಲ್ಲರೂ ಹೊಂದಿಸಿಕೊಂಡು ನಾಟಿಮಾಡಿ ಗದ್ದೆಗಳನ್ನು ಒಟ್ಟಿಗೆ ಬಿಡುವು ಬಿಟ್ಟರೆ ಕೀಟಗಳಿಗೆ ಆಹಾರ ಸಿಗದು, ಹಾಗಾಗಿ ಮೇಲಿನವನಿಗೂ ಲಾಭವಿದೆ ಎಂಬ ಉತ್ತರವನ್ನು ಮಕ್ಕಳು ಹುಡುಕಿ ಬರೆಯಲಿ.

ಸಂಭಾಷಣೆಗೂ ಬಾಲಿಯ ಪದ್ಧತಿಯೊಂದು ನೆರವಾಗುತ್ತದೆ. ಅಲ್ಲಿ ದೇವತೆಗಳೂ ವೀರರೂ ‘ಕವಿ’ ಎಂಬ ಹಳೆಯ ಕಾವ್ಯಭಾಷೆಯಲ್ಲಿ ಮಾತನಾಡಿದರೆ, ಹಾಸ್ಯಗಾರರು ಅದನ್ನು ಜನರಾಡುವ ಬಾಲಿ ಭಾಷೆಗೆ ತಂದು ಹೇಳುತ್ತಾರೆ. ಅದೇ ರೀತಿ ನಮ್ಮ ಕಥೆಯಲ್ಲಿ ಅಧಿಕಾರಿಯೊಬ್ಬನಿದ್ದರೆ ಅವನ ಗೊಂಬೆ ಪಠ್ಯಪುಸ್ತಕದ ಕನ್ನಡ ಆಡಲಿ, ಹಾಸ್ಯಗಾರರು ಮಕ್ಕಳ ಮನೆಯ ಮಾತನ್ನೇ, ಅದು ಲಂಬಾಣಿಯಿರಲಿ, ಉರ್ದುವಿರಲಿ, ಆಡಲಿ. ತರಗತಿಯಲ್ಲಿ ಬಾಯಿಬಿಡದ ಮಗು ಹಲವು ವೇಳೆ ಪರದೆಯ ಹಿಂದೆ ಮಾತಾಡುತ್ತದೆ.

ಒಂದು ಎಚ್ಚರಿಕೆ. ರಾಮಾಯಣ ಇಲ್ಲಿಂದಲೇ ಹೋಯಿತು, ಆದ್ದರಿಂದ ಅವರದು ನಮ್ಮ ನಕಲು ಎಂಬ ಭಾವನೆ ಮೂಡಲು ಬಿಡಬಾರದು. ಬಾಲಿಯಲ್ಲಿ ಹಿಂದೂಗಳೇ ಹೆಚ್ಚು. ನೆರೆಯ ಜಾವಾದಲ್ಲಿ ಮುಸ್ಲಿಂ ಸೂತ್ರಧಾರರೇ ರಾತ್ರಿಯಿಡೀ ಮಹಾಭಾರತ ಆಡಿಸುತ್ತಾರೆ. ಇದನ್ನು ಪ್ರದರ್ಶನಕ್ಕೆ ಮೊದಲೇ ಹೇಳಿ, ಭೂಪಟವನ್ನೂ ಆಗಲೇ ತೆಗೆಯಿರಿ; ಆ ಹೊತ್ತಿಗೆ ದ್ವೀಪ ಎಲ್ಲಿದೆಯೆಂದು ಮಕ್ಕಳೇ ಕೇಳುತ್ತಿರುತ್ತಾರೆ.