ಚಾಳಿನ ಕೋಣೆಯನ್ನು ಅಳೆದು ನಕ್ಷೆಗೆ ತರುವುದು

'ಚಿತ್ರ ಬಿಡಿಸೋಕೆ ಬರುತ್ತಾ?' ಮಗಳು ಆರ್ಕಿಟೆಕ್ಚರ್ ಓದುತ್ತಾಳೆಂದರೆ ಮುಂಬೈ ಕಡೆಯ ಮಾಟುಂಗಾ, ಡೊಂಬಿವಲಿಯ ಕನ್ನಡ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಇದು. ಆರ್ಕಿಟೆಕ್ಚರ್ ಪ್ರವೇಶಕ್ಕೆ ಬರೆಯುವ ನಾಟಾ ಪರೀಕ್ಷೆಯ 200 ಅಂಕಗಳಲ್ಲಿ 80 ಡ್ರಾಯಿಂಗಿಗೇ ಮೀಸಲು, ಹಾಗಾಗಿ ಪ್ರಶ್ನೆ ತಪ್ಪಲ್ಲ. ಆದರೆ ಐದು ವರ್ಷದ ಬಿ.ಆರ್ಕ್ ಪದವಿಗೆ ಸೇರಿದ ಮೇಲೆ ಕೈಕೊಡುವುದು ಚಿತ್ರವಲ್ಲ, ಅಳತೆ. ಮುಂಬೈಯಲ್ಲಿ ಹಳೆ ಕಟ್ಟಡಗಳ ದುರಸ್ತಿ ಕೆಲಸ ಸಾಕಷ್ಟಿದೆ. ಟ್ರೇನಿಯನ್ನು ಟೇಪ್ ಕೊಟ್ಟೇ ಸೈಟಿಗೆ ಅಟ್ಟುತ್ತಾರೆ. ಮೊದಲ ವರ್ಷದ ರಜೆಯಲ್ಲೇ ಚಾಳಿನ, ಅಂದರೆ ಸಾಲು ಕೋಣೆಗಳ ಹಳೆ ವಠಾರದ, ಒಂದು ಕೋಣೆ ಅಳೆದು ನೋಡಿ.

ಬೇಕಾದ್ದು: 5 ಮೀಟರ್ ಸ್ಟೀಲ್ ಟೇಪ್, 10 ಮೀಟರ್ ಪಾರದರ್ಶಕ ಪೈಪು, ಚಾಕ್, ರಟ್ಟು, ಎರಡು ಬಣ್ಣದ ಪೆನ್ನು, ಜೊತೆಗೊಬ್ಬರು. ಲೇಸರ್ ಮೀಟರಿನ ಚುಕ್ಕೆ ಬಿಸಿಲಲ್ಲಿ ಕಾಣದು, ಗಾಜಿನ ಮೇಲೆ ಅದು ಸುಳ್ಳು ಹೇಳುತ್ತದೆ. ಮನೆಯವರನ್ನು ಕೇಳಿಯೇ ಹೋಗಿ. ನಲ್ಲಿ ನೀರು ಬರುವ ಹೊತ್ತಂತೂ ಬೇಡ, ಗ್ಯಾಲರಿಯಲ್ಲಿ ಕೊಡಗಳ ಸಾಲಿರುತ್ತದೆ.

ಮೊದಲು ಕಣ್ಣಂದಾಜಿನಲ್ಲಿ ಪ್ಲಾನ್ ಗೀಚಿಕೊಳ್ಳಿ, ಟೇಪ್ ಆಮೇಲೆ. ಗೋಡೆಯ ಒಂದು ಮೂಲೆಯಲ್ಲಿ ಸೊನ್ನೆ ಹಿಡಿದರೆ ಕೊನೆಯವರೆಗೂ ಅದನ್ನು ಕದಲಿಸಬಾರದು: (ಎಲ್ಲ ಅಂಕಿಯೂ ಮಿ.ಮೀ.ನಲ್ಲಿ) ಬಾಗಿಲು ಶುರು 610, ಮುಗಿದದ್ದು 1525, ಕಿಟಕಿ ಶುರು 2140, ಹೀಗೆ ಓದುತ್ತ ಹೋಗಬೇಕು. ತುಂಡುತುಂಡಾಗಿ ಅಳೆದರೆ ಎಂಟು ತುಂಡಿಗೆ ಮೂರು ಮಿ.ಮೀ.ನಂತೆ ತಪ್ಪಿದರೂ ಕೊನೆಗೆ 24 ಮಿ.ಮೀ. ಕಾಣೆ.

ನಾಲ್ಕು ಗೋಡೆ ಸಿಕ್ಕಿತೆಂದು ಎದ್ದು ಬರುವವರೇ ಹೆಚ್ಚು. ಕರ್ಣ ಅಳೆಯದಿದ್ದರೆ ಕೋಣೆ ನೇರವೋ ವಾರೆಯೋ ಎಂದು ಹೇಳಲು ಬ್ರಹ್ಮನಿಗೂ ಆಗದು. ಹತ್ತು-ಹನ್ನೆರಡು ಅಡಿ ಕೋಣೆ ಎಂದರೆ 3048 ಮತ್ತು 3658. ಮೂಲೆ ನೇರವಿದ್ದರೆ ಎರಡೂ ಕರ್ಣ 4761 ಬರಬೇಕು. ಒಂದು 4790, ಇನ್ನೊಂದು 4732 ಬಂದರೆ ಕೋಣೆ ವಾರೆ. ಅದನ್ನು ವಾರೆಯಾಗಿಯೇ ಬರೆಯಿರಿ.

ಗೋಡೆಯ ದಪ್ಪ ಸಿಗುವುದು ಬಾಗಿಲ ಸಂದಿನಲ್ಲಿ, ಎರಡೂ ಬದಿಯ ಗಾರೆ ಸೇರಿಸಿ. ಭಾರ ಹೊರುವ ಗೋಡೆ ಮೇಲಿನ ಮಹಡಿಗೆ ಹೋದಂತೆ ಸಣ್ಣಗಾಗುತ್ತದೆ, ಹಾಗಾಗಿ ಕೆಳಗಿನ ಅಂಕಿಯನ್ನು ಮೇಲೆ ನಕಲು ಮಾಡಬೇಡಿ. ಗೋವಾದ ಹಳೆ ಚಿರೆಕಲ್ಲಿನ ಮನೆಗಳಲ್ಲಂತೂ ಕಿಟಕಿಯ ಒಳಬದಿ ಹೊರಬದಿಗಿಂತ ಅಗಲವಾಗಿರುವುದುಂಟು, ಎರಡನ್ನೂ ಬರೆದುಕೊಳ್ಳಬೇಕು.

ಸೆಕ್ಷನ್‌ಗೆ, ಅಂದರೆ ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ನಕ್ಷೆಗೆ, ನೆಲವನ್ನು ನಂಬಬೇಡಿ. ಪೈಪಿಗೆ ಗುಳ್ಳೆಯಿಲ್ಲದಂತೆ ನೀರು ತುಂಬಿ, ಎರಡೂ ತುದಿಯಲ್ಲಿ ನೀರು ನಿಂತ ಮಟ್ಟ ನೋಡಿ ಗೋಡೆಗಳ ಮೇಲೆ ಒಂದೇ ಮಟ್ಟದ ಚಾಕ್ ಗೆರೆ ಎಳೆದು, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಅಳೆಯಿರಿ. ಮೆಟ್ಟಿಲಲ್ಲಿ ಒಂದನ್ನಳೆದು ಗುಣಿಸುವುದು ಮಾಮೂಲಿ ತಪ್ಪು. ಅಂಗಳಕ್ಕೆ ಮತ್ತೆ ಮತ್ತೆ ಫರಸಿ (ಹಾಸುಗಲ್ಲು) ಹಾಕಿ ಏರಿಸಿರುವ ಕಡೆ ಕೆಳಗಿನ ಮೆಟ್ಟಿಲು ಅರ್ಧ ಹೂತಿರುತ್ತದೆ.

1:50ರಲ್ಲಿ (ಸೈಟಿನ 50 ಮಿ.ಮೀ.ಗೆ ಹಾಳೆಯಲ್ಲಿ 1 ಮಿ.ಮೀ.) ಅದೇ ರಾತ್ರಿ ಬರೆಯಿರಿ, ನೆನಪು ಹಸಿಯಿರುವಾಗಲೇ. ಈ ಅಳತೆಯಲ್ಲಿ ಅರ್ಧ ಮಿ.ಮೀ. ಜಾರಿದರೆ ಸೈಟಿನಲ್ಲಿ 25 ಮಿ.ಮೀ. ಜಾರಿದಂತೆ. ಗೆರೆ ಕೂಡದಿದ್ದರೆ ಕಂಪ್ಯೂಟರಿನಲ್ಲಿ ಎಳೆದು ಕೂಡಿಸುವ ಆಸೆ ಹುಟ್ಟುತ್ತದೆ. ಬೆಳಿಗ್ಗೆ ಹೋಗಿ ಆ ಒಂದು ಅಳತೆಯನ್ನು ಮತ್ತೆ ತನ್ನಿ. ಪೋರ್ಟ್‌ಫೋಲಿಯೊದಲ್ಲಿ ಅಂದದ ಹಾಳೆಯ ಪಕ್ಕದಲ್ಲೇ ಸೈಟಿನ ಚಾಕ್ ಮೆತ್ತಿದ ಕಚ್ಚಾ ಹಾಳೆಯನ್ನೂ ಇಡಿ, ತಿದ್ದಿದ ಅಂಕಿಗಳನ್ನು ಅಳಿಸದೆ.