ವರ್ಷದ ಓದನ್ನು ತಿರುಗಿ ನೋಡುವುದು: ಪತ್ತೇದಾರಿಗೆ ಒಂದು ದಾರಿ, ಫ್ಯಾಂಟಸಿಗೆ ಇನ್ನೊಂದು

ವರ್ಷದ ಕೊನೆಗೆ ಓದಿದ್ದನ್ನೆಲ್ಲ ಪಟ್ಟಿ ಮಾಡಿ, ಒಂದೊಂದರ ಮುಂದೆ ಐದಕ್ಕೆ ಇಷ್ಟು ಅಂತ ಚುಕ್ಕಿ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಪತ್ತೇದಾರಿ, ಫ್ಯಾಂಟಸಿ ಎರಡನ್ನೂ ಓದುವವರಿಗೆ ಆ ಪಟ್ಟಿಯಿಂದ ನಯಾಪೈಸೆ ಲಾಭವಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಓದಿ ಮುಗಿಸಿದ ರಾತ್ರಿ ಪತ್ತೇದಾರಿ ಕಾದಂಬರಿಗೆ ಯಾವಾಗಲೂ ಒಂದು ಚುಕ್ಕಿ ಜಾಸ್ತಿಯೇ ಬೀಳುತ್ತದೆ. ಕೊನೆಯ ಅಧ್ಯಾಯದ ಬಿಸಿ ಇನ್ನೂ ಆರಿರುವುದಿಲ್ಲ. ಫ್ಯಾಂಟಸಿಗೆ ಒಂದು ಕಡಿಮೆ. ಅಷ್ಟು ದಪ್ಪ ಪುಸ್ತಕ ಹಿಡಿದು ಕೈ ನೋಯುತ್ತಿರುತ್ತದೆ. ಆರು ತಿಂಗಳು ಕಳೆದ ಮೇಲೆ ಕೇಳಿದರೆ ಲೆಕ್ಕ ತಿರುಗುಮುರುಗಾಗಿರುತ್ತದೆ.

ನಾನು ಕರಡು ತಿದ್ದುವವಳು. ಹಗಲೆಲ್ಲ ಬೇರೆಯವರ ವಾಕ್ಯಗಳಲ್ಲಿ ಬಿಟ್ಟುಹೋದ ಅಲ್ಪವಿರಾಮ ಹುಡುಕಿ, ಸಂಜೆಯಾದರೆ ಯಾರೋ ಸತ್ತುಬಿದ್ದ ಬಂಗಲೆಗೋ ಡ್ರ್ಯಾಗನ್ ಹಾರುವ ಕಣಿವೆಗೋ ಹೊರಟುಬಿಡುತ್ತೇನೆ. ಪೆನ್ಸಿಲ್ ಮಾತ್ರ ಕೈಬಿಡುವುದಿಲ್ಲ. ಆ ಪೆನ್ಸಿಲ್ಲಿನಿಂದಲೇ ನನಗೆ ಖಚಿತವಾಗಿದ್ದು ಇದು: ಪತ್ತೇದಾರಿ ಕಾದಂಬರಿಯನ್ನು ಕೊನೆಯಿಂದ ಮೊದಲಿಗೆ ಹೋಗಿ ತೂಗಬೇಕು, ಫ್ಯಾಂಟಸಿಯನ್ನು ಪುಸ್ತಕ ಮುಚ್ಚಿಟ್ಟು ತೂಗಬೇಕು. ಎರಡಕ್ಕೂ ಒಂದೇ ತಕ್ಕಡಿ ಹಿಡಿದರೆ ಎರಡೂ ಕೆಡುತ್ತವೆ.

ಮೊದಲು ನೆನಪಿನಿಂದ ಬರೆಯಿರಿ

ಫೋನಿನ ಪಟ್ಟಿ, ನೋಟ್‌ಪುಸ್ತಕ ಯಾವುದನ್ನೂ ತೆಗೆಯಬೇಡಿ. ಕಪಾಟಿಗೆ ಬೆನ್ನು ಹಾಕಿ ಕೂತು, ಈ ವರ್ಷ ಓದಿದ್ದರಲ್ಲಿ ಏನೇನು ನೆನಪಿಗೆ ಬರುತ್ತದೋ ಒಂದು ಹಾಳೆಯಲ್ಲಿ ಗೀಚುತ್ತಾ ಹೋಗಿ. ಪುಸ್ತಕದ ಹೆಸರೇ ಬೇಕಿಲ್ಲ. 'ಸೇತುವೆ ಕೆಳಗೆ ಕಾಯುತ್ತಿದ್ದ ಮುದುಕಿ', 'ಗಡಿಯಾರ ಹತ್ತು ನಿಮಿಷ ಹಿಂದಿತ್ತು' ಅಂತ ಬರೆದರೂ ಸಾಕು. ಆಮೇಲೆ ಪಟ್ಟಿ ತೆಗೆದು ಹೋಲಿಸಿ. ಚುಕ್ಕಿ ಜಾಸ್ತಿ ಬಿದ್ದೂ ಹಾಳೆಯಲ್ಲಿ ಒಂದು ಸಾಲೂ ಇಲ್ಲದ ಪುಸ್ತಕಗಳ ಪಕ್ಕ ಸಣ್ಣ ಗುರುತು ಹಾಕಿ. ಬೈದುಕೊಂಡೇ ಓದಿದ್ದರೂ ಹಾಳೆಯಲ್ಲಿ ಮೂರು ಕಡೆ ತಲೆ ಹಾಕಿದ ಪುಸ್ತಕಗಳಿಗೆ ದೊಡ್ಡ ಗುರುತು. ಈ ಎರಡು ಗುಂಪು ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಹಾಳೆಯಲ್ಲೂ ಪಟ್ಟಿಯಲ್ಲೂ ಮೇಲೇ ಇರುವ ಪುಸ್ತಕಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅವು ಹೇಗೂ ಉಳಿಯುತ್ತವೆ.

ಪತ್ತೇದಾರಿಗೆ: ಮೊದಲ ಐವತ್ತು ಪುಟ ಮತ್ತೊಮ್ಮೆ

ವರ್ಷದಲ್ಲಿ ಓದಿದ ಅಷ್ಟನ್ನೂ ಮತ್ತೆ ಓದಲು ಯಾರಿಂದಲೂ ಆಗುವುದಿಲ್ಲ. ಮೂರೋ ನಾಲ್ಕೋ ಆರಿಸಿಕೊಳ್ಳಿ. ಅದರಲ್ಲಿ ಒಂದಾದರೂ ನಿಮಗೆ ಸಿಟ್ಟು ತರಿಸಿದ್ದಿರಲಿ. ಕೊಲೆಗಾರ ಯಾರೆಂದು ಈಗ ಗೊತ್ತು. ಆ ಒಬ್ಬನ ಮೇಲೇ ಕಣ್ಣಿಟ್ಟು ಮೊದಲ ಐವತ್ತು ಪುಟ ಓದಿ. ಅವನು ಎಲ್ಲಿ ಒಳಗೆ ಬರುತ್ತಾನೆ, ಯಾರ ಮಾತಿನ ನಡುವೆ, ಲೇಖಕ ಅವನ ಮೇಲೆ ಎಷ್ಟು ಸಾಲು ಖರ್ಚು ಮಾಡಿದ್ದಾರೆ ನೋಡಿ. ಸುಳಿವು ಕಂಡಲ್ಲೆಲ್ಲ ಅಂಚಿನಲ್ಲಿ ಗೆರೆ ಎಳೆಯಿರಿ. ಒಳ್ಳೆಯ ಕಾದಂಬರಿಯಾದರೆ ಅಂಚು ತುಂಬಿಹೋಗುತ್ತದೆ, ಇಷ್ಟು ಬಹಿರಂಗವಾಗಿ ಹೇಳಿದ್ದರಲ್ಲ ಅಂತ ಹಲ್ಲು ಕಚ್ಚುತ್ತೀರಿ. ಸಾಧಾರಣದ್ದಾದರೆ ಅಂಚು ಖಾಲಿ ಉಳಿಯುತ್ತದೆ: ಕೊನೆಯ ಅಧ್ಯಾಯದಲ್ಲಿ ಎಲ್ಲಿಂದಲೋ ಒಂದು ಹಳೆಯ ಪತ್ರ ಬಂದು ಎಲ್ಲವನ್ನೂ ಬಗೆಹರಿಸಿರುತ್ತದೆ.

ನ್ಯಾಯವಾಗಿ ಆಡಿದ್ದಾರೋ ಇಲ್ಲವೋ ಎಂಬ ಈ ಪ್ರಶ್ನೆ ಹೊಸದಲ್ಲ. ಅಮೆರಿಕದ ಪತ್ತೇದಾರಿ ಲೇಖಕ ಎಸ್. ಎಸ್. ವ್ಯಾನ್ ಡೈನ್ 1928ರಲ್ಲಿ ಪತ್ತೇದಾರಿ ಕತೆಗೆ ಇಪ್ಪತ್ತು ನಿಯಮ ಬರೆದರು. ಮರುವರ್ಷ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ತಮ್ಮದೇ ಹತ್ತು ನಿಯಮ ಕೊಟ್ಟರು. ನಾಕ್ಸ್ ಕ್ಯಾಥೊಲಿಕ್ ಪಾದ್ರಿ, ತಾವೂ ಪತ್ತೇದಾರಿ ಕಾದಂಬರಿ ಬರೆದವರು. ಬೈಬಲ್ಲಿನ ಹತ್ತು ಆಜ್ಞೆಗಳ ಹಾಗೆ ಸಂಖ್ಯೆ ಹತ್ತೇ ಆದದ್ದರಲ್ಲಿ ಪಾದ್ರಿಯ ತುಂಟತನ ಇದ್ದಿರಬೇಕು. ಅಪರಾಧಿಯ ಪ್ರಸ್ತಾಪ ಕತೆಯ ಮೊದಲ ಭಾಗದಲ್ಲೇ ಬಂದಿರಬೇಕು, ದೆವ್ವ-ಮಂತ್ರ ಕೂಡದು, ಗುಪ್ತದಾರಿ ಒಂದಕ್ಕಿಂತ ಹೆಚ್ಚು ಇರಬಾರದು, ಅವಳಿಗಳನ್ನು ತರುವುದಾದರೆ ಓದುಗರನ್ನು ಮೊದಲೇ ಸಿದ್ಧಗೊಳಿಸಿರಬೇಕು. 1930ರಲ್ಲಿ ಲಂಡನ್ನಿನಲ್ಲಿ ಶುರುವಾದ ಪತ್ತೇದಾರಿ ಲೇಖಕರ ಕೂಟ ಡಿಟೆಕ್ಷನ್ ಕ್ಲಬ್ಬಿನ ಸದಸ್ಯರಂತೂ ತಮ್ಮ ಪತ್ತೇದಾರರು ದೈವಪ್ರೇರಣೆಯನ್ನೋ ಕಾಕತಾಳೀಯವನ್ನೋ ನೆಚ್ಚಿ ಗುಟ್ಟು ಬಿಡಿಸುವುದಿಲ್ಲ ಎಂದು ಪ್ರಮಾಣ ಮಾಡುತ್ತಿದ್ದರು. ಪ್ರಮಾಣದಲ್ಲಿ ತಮಾಷೆಯೂ ಇತ್ತು ಅನ್ನಿ.

ಈ ನಿಯಮಗಳನ್ನು ಗೋಡೆಗೆ ಅಂಟಿಸಿಕೊಂಡು ಅಂಕ ಕೊಡಿ ಅಂತ ನಾನು ಹೇಳುತ್ತಿಲ್ಲ. ಅಗಾಥಾ ಕ್ರಿಸ್ಟಿಯವರ 1926ರ ಒಂದು ಕಾದಂಬರಿ ಮೋಸವೋ ಮೇಧಾವಿತನವೋ ಅಂತ ಇವತ್ತಿಗೂ ಜಗಳ ನಡೆಯುತ್ತದೆ. ಯಾವುದೆಂದು ಹೇಳಿದರೆ ಓದದವರ ಸುಖ ಕಸಿದಂತಾಗುತ್ತದೆ. ಓದಿದವರಿಗೆ ಈಗಾಗಲೇ ಗೊತ್ತಾಗಿದೆ. ಅದರ ಮೊದಲ ಪುಟಗಳಿಗೆ ಮರಳಿ ಹೋಗಿ ನೋಡಿದರೆ ಸುಳ್ಳು ವಾಕ್ಯ ಒಂದೂ ಸಿಗುವುದಿಲ್ಲ, ಬಿಟ್ಟ ಸಂಗತಿಗಳು ಮಾತ್ರ ಸಿಗುತ್ತವೆ. ನನ್ನ ಮಟ್ಟಿಗೆ ಅದು ನ್ಯಾಯವೇ. ಕರಡು ತಿದ್ದುವವಳ ಪಕ್ಷಪಾತ ಅಂದರೂ ಸರಿ: ಮುಚ್ಚಿಟ್ಟ ಲೇಖಕರನ್ನು ಕ್ಷಮಿಸುತ್ತೇನೆ, ನಿರೂಪಣೆಯ ಬಾಯಲ್ಲಿ ಸುಳ್ಳು ಆಡಿಸಿದವರನ್ನು ಕ್ಷಮಿಸುವುದಿಲ್ಲ.

ಇನ್ನೊಂದು ಉಪಾಯವೂ ಇದೆ. ಪತ್ತೇದಾರಿಯಲ್ಲಿ ಯಾವಾಗಲೂ ಎರಡು ಕತೆ ಇರುತ್ತವೆ, ಕೊಲೆಯ ಕತೆ ಮತ್ತು ಅದನ್ನು ಬಯಲಿಗೆಳೆದ ಕತೆ. ಸಾಹಿತ್ಯ ವಿಮರ್ಶಕ ಟ್ಸ್ವೆಟಾನ್ ಟೊಡೊರೊವ್ 1966ರ ಪ್ರಬಂಧವೊಂದರಲ್ಲಿ ಹೀಗೆ ಬೇರ್ಪಡಿಸಿ ತೋರಿಸಿದರು. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ನಿಜವಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಐದಾರು ಸಾಲಿನಲ್ಲಿ ಬರೆಯಿರಿ. ಬಲಕ್ಕೆ ಪತ್ತೇದಾರ ಅದನ್ನು ಕಂಡುಕೊಂಡ ಕ್ರಮ. ನೆನಪಿನಿಂದ ಎಡಭಾಗ ಬರೆಯಲು ಆಗದೇ ಇದ್ದರೆ ಆ ಸಂಚು ಕತೆಗೆ ಬೇಕಾಗಿಯೇ ಇರಲಿಲ್ಲ. ನಿಮ್ಮನ್ನು ಓದಿಸಿದ್ದು ಪತ್ತೇದಾರನ ಮಾತು, ಮನೆ, ಮಳೆ, ಏನೋ ಒಂದು. ಅದೂ ತಪ್ಪಲ್ಲ. ನನಗೆ ಇಷ್ಟವಾದ ಪೊಲೀಸ್ ಕಾದಂಬರಿಗಳಲ್ಲಿ ಅರ್ಧಕ್ಕರ್ಧ ಅಂಥವೇ. ಮುಂದಿನ ವರ್ಷ ಪುಸ್ತಕ ಆರಿಸುವಾಗ 'ಊಹಿಸಲಾಗದ ತಿರುವು' ಎಂಬ ಬೆನ್ನುಡಿಗೆ ಬೀಳದೆ, ಪಾತ್ರ ನೋಡಿ ಆರಿಸಲು ಇದು ದಾರಿ ಮಾಡಿಕೊಡುತ್ತದೆ.

ಗುಟ್ಟು ಬಿಡಿಸದೆಯೂ ನಿಲ್ಲುವ ಕತೆಗಳಿವೆ, ಅವನ್ನು ಈ ಪರೀಕ್ಷೆಗೆ ಒಡ್ಡಬೇಡಿ. ತೇಜಸ್ವಿಯವರ 'ಚಿದಂಬರ ರಹಸ್ಯ'ದಲ್ಲಿ ಸಾವಿದೆ, ತನಿಖೆಯಿದೆ, ಅನುಮಾನಗಳೂ ಇವೆ. ಆದರೆ ಕೊನೆಯ ಪುಟದಲ್ಲಿ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಬೆರಳು ತೋರಿಸುವ ಪತ್ತೇದಾರನನ್ನು ಅಲ್ಲಿ ನಿರೀಕ್ಷಿಸುವುದು ಓದುಗರ ತಪ್ಪು.

ಫ್ಯಾಂಟಸಿಗೆ: ಪುಸ್ತಕ ಮುಚ್ಚಿ ನಕ್ಷೆ ಬರೆಯಿರಿ

ಫ್ಯಾಂಟಸಿಯ ಮೊದಲ ಐವತ್ತು ಪುಟ ಮತ್ತೆ ಓದಿ ಪ್ರಯೋಜನವಿಲ್ಲ. ಅಲ್ಲಿ ಬರೀ ಹೆಸರುಗಳು, ವಂಶಗಳು, ಅಪಾಸ್ಟ್ರಫಿ ಸಿಕ್ಕಿಸಿದ ಊರುಗಳು. ಬದಲಿಗೆ ಪುಸ್ತಕ ತೆರೆಯದೆ ಆ ಲೋಕದ ನಕ್ಷೆ ಬರೆಯಲು ಕೂರಿ. ಚಂದ ಬರಬೇಕಾಗಿಲ್ಲ. ನದಿ ಯಾವ ಕಡೆಯಿಂದ ಹರಿಯುತ್ತದೆ, ರಾಜಧಾನಿಯಿಂದ ಗಡಿಗೆ ಕುದುರೆಯ ಮೇಲೆ ಎಷ್ಟು ದಿನ, ಚಳಿ ಎಲ್ಲಿ ಶುರು. ಟೋಲ್ಕಿನ್ನರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954-55ರಲ್ಲಿ ಮೂರು ಸಂಪುಟಗಳಾಗಿ ಬಂದಾಗ ಅದರ ನಕ್ಷೆ ಬಿಡಿಸಿದ್ದು ಅವರ ಮಗ ಕ್ರಿಸ್ಟೊಫರ್. ಅದನ್ನು ಓದಿದವರು ನಕ್ಷೆ ನೋಡದೆಯೂ ದಾರಿ ಹೇಳಬಲ್ಲರು, ಏಕೆಂದರೆ ಕತೆಯೇ ಕಾಲ್ನಡಿಗೆಯಲ್ಲಿ ಸಾಗುತ್ತದೆ. ಈಚಿನ ಎಷ್ಟೋ ಕಾದಂಬರಿಗಳಲ್ಲಿ ಮುನ್ನೂರು ಮೈಲಿಯನ್ನು ಒಂದು ಅಧ್ಯಾಯದ ಖಾಲಿ ಜಾಗದಲ್ಲಿ ದಾಟಿಬಿಡುತ್ತಾರೆ. ನನ್ನ ತಂಗಿಗೆ ನಕ್ಷೆ ಕಂಡರೆ ಆಗದು, ಆ ಪುಟವನ್ನೇ ಮಗುಚಿಬಿಡುತ್ತಾಳೆ. ಅವಳಿಗೆ ಬೇರೆ ಪರೀಕ್ಷೆ ಕೊಟ್ಟಿದ್ದೇನೆ: ಆ ಲೋಕದಲ್ಲಿ ರಾಜನೂ ಅಲ್ಲದ, ಮಾಂತ್ರಿಕನೂ ಅಲ್ಲದ ಒಬ್ಬರು ಬೆಳಗ್ಗೆ ಎದ್ದು ಏನು ಕೆಲಸ ಮಾಡುತ್ತಾರೆ ಹೇಳು ಅಂತ. ತಡವರಿಸದೆ ಹೇಳಿದರೆ ಆ ಲೋಕ ಗಟ್ಟಿ.

ಎರಡನೆಯ ಪ್ರಶ್ನೆ ಮಾಯೆಗೆ ಕೊಟ್ಟ ಬೆಲೆಯದು. ಒಂದೇ ವಾಕ್ಯದಲ್ಲಿ ಬರೆಯಿರಿ: ಈ ಲೋಕದಲ್ಲಿ ಮಂತ್ರ ಹೇಗೆ ನಡೆಯುತ್ತದೆ, ನಡೆಸಿದವರು ಏನು ಕಳೆದುಕೊಳ್ಳುತ್ತಾರೆ? ಉರ್ಸುಲಾ ಲೆ ಗ್ವಿನ್ 1968ರಲ್ಲಿ ಶುರು ಮಾಡಿದ ಕಾದಂಬರಿ ಸರಣಿಯ ಅರ್ಥ್‌ಸೀ ಲೋಕಕ್ಕೆ ಈ ವಾಕ್ಯ ಸುಲಭ: ವಸ್ತುವಿನ ನಿಜನಾಮ ಗೊತ್ತಿದ್ದವರಿಗೆ ಅದರ ಮೇಲೆ ಹಿಡಿತ, ಆದರೆ ಒಂದನ್ನು ಬದಲಿಸಿದರೆ ಲೋಕದ ಸಮತೋಲ ಅಲುಗುತ್ತದೆ. ವಾಕ್ಯ ಹೊರಡದೇ ಹೋದರೆ ಎರಡು ಕಾರಣವಿರಬಹುದು. ಮಾಯೆಯನ್ನು ಬೇಕೆಂದೇ ಮಂಜಿನಲ್ಲಿ ಇಟ್ಟಿರಬಹುದು, ಅದರಲ್ಲಿ ದೋಷವಿಲ್ಲ. ಇಲ್ಲವೇ ನಾಯಕ ಸಿಕ್ಕಿಹಾಕಿಕೊಂಡಾಗಲೆಲ್ಲ ಹೊಸ ಶಕ್ತಿ ಹುಟ್ಟಿಸಿರಬಹುದು. ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ 2007ರ ಪ್ರಬಂಧದಲ್ಲಿ ಇದಕ್ಕೊಂದು ಸೂತ್ರವನ್ನೇ ಕೊಟ್ಟರು: ಮಾಯೆ ಓದುಗರಿಗೆ ಎಷ್ಟು ಅರ್ಥವಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಅದರಿಂದ ಬಿಕ್ಕಟ್ಟು ಬಗೆಹರಿಸಿದರೆ ಒಪ್ಪಿಗೆಯಾಗುತ್ತದೆ. ಗಮನಿಸಿ, ಇದು ನಾಕ್ಸರ ಹತ್ತು ನಿಯಮಗಳ ದಾಯಾದಿಯೇ. ಸುಳಿವು ಮೊದಲೇ ಕೊಟ್ಟಿರು, ಆಮೇಲೆ ಬಳಸು.

ಹಾಗಾಗಿಯೇ ಎರಡೂ ಬೆರೆತ ಪುಸ್ತಕಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಮಂತ್ರ ಇರುವ ಲೋಕದಲ್ಲಿ ಕೊಲೆಯಾದರೆ ಯಾರು ಬೇಕಾದರೂ ಗೋಡೆ ತೂರಿ ಬಂದಿರಬಹುದಲ್ಲ, ಪತ್ತೆ ಮಾಡುವುದಕ್ಕೆ ಏನು ಉಳಿಯಿತು? ರ್‍ಯಾಂಡಲ್ ಗ್ಯಾರೆಟ್ 1964ರಿಂದ ಬರೆದ ಲಾರ್ಡ್ ಡಾರ್ಸಿ ಕತೆಗಳು ಇದಕ್ಕೆ ಉತ್ತರ. ಇಂಗ್ಲೆಂಡಿನ ರಾಜ ಸಿಂಹಹೃದಯಿ ರಿಚರ್ಡ್ 1199ರಲ್ಲಿ ಸಾಯದೆ ಬದುಕಿ ಉಳಿದಿದ್ದರೆ ಎಂಬ ಊಹೆಯ ಮೇಲೆ ಕಟ್ಟಿದ ಲೋಕ ಅದು. ಅಲ್ಲಿ ಮಂತ್ರಕ್ಕೆ ಭೌತಶಾಸ್ತ್ರದಷ್ಟೇ ಕಟ್ಟುನಿಟ್ಟು, ಪತ್ತೇದಾರನ ಜೊತೆಗೆ ವಿಧಿವಿಜ್ಞಾನಿಯ ಜಾಗದಲ್ಲಿ ಒಬ್ಬ ಮಾಂತ್ರಿಕ. ಇಂಥ ಪುಸ್ತಕ ನಿಮ್ಮ ಪಟ್ಟಿಯಲ್ಲಿ ಇದ್ದರೆ ಎರಡೂ ಪರೀಕ್ಷೆ ಮಾಡಿ: ಮಾಯೆಯ ವಾಕ್ಯ ಮೊದಲು, ಅಂಚಿನ ಗೆರೆ ಆಮೇಲೆ. ಎರಡರಲ್ಲೂ ಗೆಲ್ಲುವ ಪುಸ್ತಕ ವರ್ಷಕ್ಕೆ ಒಂದು ಸಿಕ್ಕರೆ ಪುಣ್ಯ.

ಬಿಟ್ಟವು, ಮುಗಿಯದವು

ಅರ್ಧಕ್ಕೆ ಬಿಟ್ಟ ಪುಸ್ತಕಗಳನ್ನು ಪಟ್ಟಿಯಿಂದ ಅಳಿಸಬೇಡಿ. ಯಾವ ಪುಟದಲ್ಲಿ ಬಿಟ್ಟಿರಿ, ಅಲ್ಲಿ ಏನು ನಡೆಯುತ್ತಿತ್ತು ಬರೆಯಿರಿ. ನಾನು ಫ್ಯಾಂಟಸಿ ಬಿಡುವುದು ಬಹುತೇಕ ಒಂದೇ ಜಾಗದಲ್ಲಿ: ಎಲ್ಲೋ ಒಂದು ಶಾಲೆ ಇರುತ್ತದೆ, ನಾಯಕನಿಗೆ ಅಲ್ಲೊಬ್ಬ ಶ್ರೀಮಂತ ಎದುರಾಳಿ ಸಿಗುತ್ತಾನೆ, ನನ್ನ ಪೆನ್ಸಿಲ್ ಕೆಳಗಿಳಿಯುತ್ತದೆ. ಪತ್ತೇದಾರಿಯಲ್ಲಾದರೆ ಓರೆ ಅಕ್ಷರದಲ್ಲಿ ಕೊಲೆಗಾರನ ಮನಸ್ಸಿನ ಅಧ್ಯಾಯ ಬಂದ ಕೂಡಲೇ. ನಿಮ್ಮ ಜಾಗ ಬೇರೆ ಇದ್ದೀತು. ಗೊತ್ತಾದರೆ ದುಡ್ಡೂ ಉಳಿಯುತ್ತದೆ.

ಸರಣಿಗಳ ಲೆಕ್ಕ ಬೇರೆಯೇ ಇಡಬೇಕು. ಮೊದಲ ಭಾಗ ಮಾತ್ರ ಓದಿದ ಸರಣಿಗೆ ತೀರ್ಪು ಬೇಡ, ಆದರೆ ನೆನಪು ಮಾಸುವ ಮುಂಚೆ ಒಂದು ಪುಟದ ಸಾರ ಬರೆದು ಆ ಪುಸ್ತಕದಲ್ಲೇ ಸಿಕ್ಕಿಸಿಡಿ: ಯಾರು ಬದುಕಿದ್ದಾರೆ, ಕತ್ತಿ ಯಾರ ಬಳಿ ಇದೆ, ಯಾವ ಸುಳ್ಳು ಇನ್ನೂ ಬಯಲಾಗಿಲ್ಲ. ಎರಡನೇ ಭಾಗ ಕೈಗೆ ಬರುವ ಹೊತ್ತಿಗೆ ಈ ಪುಟ ಇಲ್ಲದಿದ್ದರೆ ಮೊದಲನೆಯದನ್ನು ಪೂರ್ತಿ ಮತ್ತೆ ಓದಬೇಕಾಗುತ್ತದೆ. ಪತ್ತೇದಾರಿ ಸರಣಿಗೆ ಇಷ್ಟೆಲ್ಲ ಬೇಡ. ಪತ್ತೇದಾರನ ಮದುವೆ ಏನಾಯಿತು ಅಂತ ಒಂದು ಸಾಲು ಬರೆದರೆ ಆಯಿತು.

ಮುಂದಿನ ವರ್ಷದ ಓದಿಗೆ ಈಗಿಂದಲೇ ಮಾಡಬಹುದಾದ್ದು ಒಂದಿದೆ. ಎಲರಿ ಕ್ವೀನ್ ಹೆಸರಿನಲ್ಲಿ ಬರೆಯುತ್ತಿದ್ದ ಇಬ್ಬರು ಸೋದರಸಂಬಂಧಿಗಳು ತಮ್ಮ ಮೊದಮೊದಲ ಕಾದಂಬರಿಗಳಲ್ಲಿ, 1929ರದ್ದರಿಂದ ಹಿಡಿದು, ಕೊನೆಗೆ ಸ್ವಲ್ಪ ಮುಂಚೆ ಕತೆ ನಿಲ್ಲಿಸಿ ಓದುಗರಿಗೆ ಸವಾಲು ಹಾಕುತ್ತಿದ್ದರು: ಬೇಕಾದ ಸುಳಿವೆಲ್ಲ ನಿಮ್ಮ ಕೈಯಲ್ಲಿದೆ, ಈಗ ಹೇಳಿ ಎಂದು. ಆ ಪುಟ ಇಲ್ಲದ ಕಾದಂಬರಿಯಲ್ಲಿ ನೀವೇ ಅದನ್ನು ಹುಟ್ಟಿಸಿಕೊಳ್ಳಿ. ಮುಕ್ಕಾಲು ಭಾಗ ಆದಲ್ಲಿ ನಿಂತು, ಕೊಲೆಗಾರನ ಹೆಸರು ಮತ್ತು ಕಾರಣ ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಹಿಂದಿನ ರಟ್ಟಿನೊಳಗೆ ಇಟ್ಟುಬಿಡಿ. ವರ್ಷದ ಕೊನೆಗೆ ಚೀಟಿಗಳನ್ನೆಲ್ಲ ಒಟ್ಟು ಹಾಕಿದರೆ ನೀವು ಪದೇ ಪದೇ ಯಾರನ್ನು ಅನುಮಾನಿಸುತ್ತೀರಿ ಅನ್ನುವುದು ಕಾಣುತ್ತದೆ. ನನ್ನ ಚೀಟಿಗಳಲ್ಲಿ ವೈದ್ಯರೇ ಹೆಚ್ಚು. ತಂಗಿಯದರಲ್ಲಿ ಅಕ್ಕಂದಿರು, ಯಾಕೆ ಅಂತ ಕೇಳಿದ್ದಕ್ಕೆ ಉತ್ತರ ಕೊಡದೆ, ನನ್ನಿಂದ ಒಯ್ದ ಮೂರು ಪುಸ್ತಕ ಇನ್ನೂ ಓದುತ್ತಿದ್ದೇನೆ ಅಂದಳು.